ಚಂದ್ರಶೇಖರಪ್ಪನವರ ಎದೆಯ ಸಪ್ಪಳ

ಗಜೇಂದ್ರಗಡದ ನೇಕಾರ ಸಂಘದ ದವಾಖಾನೆಯಲ್ಲಿ ಹೊಸ ಡಾಕ್ಟರು ಕಾಯಂ ಆಗಬೇಕಾದರೆ ಹಿರಿಯ ವೈದ್ಯ ಚಂದ್ರಶೇಖರಪ್ಪನವರ ಸಹಿ ಬೇಕು. ‘ಇವರು ರೋಗಿಗಳನ್ನು ನೋಡಲು ಯೋಗ್ಯರು’ ಎಂಬ ಒಂದೇ ಸಾಲಿನ ಕೆಳಗೆ. ಸಹಿಗೆ ಮುಂಚೆ ಮುದುಕರದೊಂದು ಪರೀಕ್ಷೆ. ಅಂಗಿಯ ಗುಂಡಿ ಬಿಚ್ಚಿ, “ನನ್ನ ಎದಿ ನೋಡ” ಎಂದು ಕೂತುಬಿಡುವುದು. ಅವರ ಹೃದಯದ ಒಂದು ಕವಾಟ ಹನ್ನೆರಡು ವರ್ಷದಿಂದ ಸೋರುತ್ತಿತ್ತು. ಪ್ರತಿ ಬಡಿತದ ಬೆನ್ನಿಗೆ ಸುಸ್ಸೆಂಬ ಸಪ್ಪಳ. ಹಿಂದಿನ ಮೂವರು ಡಾಕ್ಟರೂ ಅದನ್ನು ಹಿಡಿದಿದ್ದರು. ಒಬ್ಬನಂತೂ ಗಾಬರಿಬಿದ್ದು ನೀರು ಕುಡಿಸಲು ಬಂದಿದ್ದ. ಮೂವರ ಬಾಯಿಗೂ ಬೀಗ ಹಾಕಿಸಿದ್ದರು ಈ ಹಟಮಾರಿ ಮನುಷ್ಯ.

ಮೂರು ತಿಂಗಳ ಹಿಂದೆ ಸೇರಿದ ಸುಧಾರಾಣಿ ಒಂದು ನಿಮಿಷ ಸ್ಟೆತಾಸ್ಕೋಪ್ ಇಟ್ಟು, ನಕ್ಕು, “ಎಲ್ಲಾ ಚಲೋ ಐತ್ರಿ ಸರ್” ಎಂದಳು.

ಅವರ ಎದೆ ಧಸಕ್ಕೆಂದಿತು. ಹುಡುಗಿ ಓದಿನಲ್ಲಿ ಜಾಣೆ, ರೋಗಿಯ ಮುಖದಿಂದ ಕಣ್ಣು ತೆಗೆಯುವವಳಲ್ಲ. ಇವಳೇ ಹೀಗೆ ಉಡಾಫೆ ಮಾಡುವುದೇ? ಸಿಟ್ಟು ನೆತ್ತಿಗೇರಿತು. ಆದರೆ ಮರುದಿನ ಗಾಯಕ್ಕೆ ಹೊಲಿಗೆ ಹಾಕುವಾಗ ಮಾಸ್ಕಿನೊಳಗಿಂದ “ಕತ್ರಿ ಕೊಡು” ಎಂದು ಎರಡು ಸಲ ಹೇಳಿದರೂ ಅವಳು ಅಲುಗಲಿಲ್ಲ. ಮಾಸ್ಕ್ ಇಳಿಸಿ ಹೇಳಿದರು, ತಕ್ಷಣ ಕೊಟ್ಟಳು. ಸಿಟ್ಟೆಲ್ಲ ಇಳಿದು ಅನುಮಾನ ಶುರುವಾಯಿತು.

ಸಂಜೆ ಅವಳ ತಾಯಿ ಹನುಮವ್ವನ ಮೊಣಕಾಲು ನೋಡುವ ನೆಪ ಮಾಡಿಕೊಂಡು ಮನೆಗೆ ಹೋದರು. ಒಳಗೆ ಮೂರು ಮಗ್ಗ, ಕಿವಿ ಗಡಚಿಕ್ಕುವ ಸದ್ದು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹನುಮವ್ವ ಸೀರೆ ನೇಯುತ್ತಲೇ ಬರೀ ತುಟಿ ಆಡಿಸಿದಳು. ಬಾಗಿಲಲ್ಲಿದ್ದ ಮಗಳು ಚಹಾಕ್ಕೆ ನೀರಿಟ್ಟಳು.

“ನಮ್ಮ ಮನ್ಯಾಗ ಯಾರೂ ಒದರೂದಿಲ್ರಿ ಸಾಹೇಬ್ರ,” ಎಂದಳು ಹನುಮವ್ವ, ಮಗ್ಗ ನಿಲ್ಲಿಸಿ. “ಸಣ್ಣಾಕಿ ಇದ್ದಾಗಿಂದ ತುಟಿ ನೋಡೇ ತಿಳ್ಕೋತಾಳ ನನ್ನ ಮಗಳು.”

ಅಯ್ಯೋ ಶಿವನೇ! ಕಿವಿ ಮಂದವಾಗುತ್ತ ಬಂದರೂ ಕಣ್ಣೇ ಕಿವಿಯ ಕೆಲಸ ಮಾಡಿಬಿಟ್ಟಿದೆ. ಪಾಪ, ಆಕೆಗೇ ಗೊತ್ತಾಗಿಲ್ಲ.

ಮರುದಿನ ಅವಳನ್ನು ಎದುರು ಕೂರಿಸಿಕೊಂಡು ಕಿವಿ ಮಂದವಾಗಿರುವುದನ್ನು ಹೇಳಿದರು, ತಮ್ಮ ಎದೆಯ ಸಪ್ಪಳದ ಮಾತು ಮಾತ್ರ ಎತ್ತಲಿಲ್ಲ. “ಇವತ್ತಿನಿಂದ ರೋಗಿ ಮುಟ್ಟಬ್ಯಾಡವ್ವಾ. ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸ್ಕೊಂಡ ಬಾ.”

“ನಾ ಡಾಕ್ಟರಾಗ್ಲಿ ಅಂತ ನಮ್ಮವ್ವ ಮಗ್ಗದ ಕುಣ್ಯಾಗ ಕುಂತು ಮೊಣಕಾಲ ಕಳಕೊಂಡಾಳ್ರಿ. ಸಹಿ ಮಾಡೂದಿಲ್ಲಂದ್ರ ನಾ ಆಕಿಗೆ ಹ್ಯಾಂಗ ಮಾರಿ ತೋರಿಸ್ಲಿ?”

“ಮಾಡೂದಿಲ್ಲ ಅಂದಿಲ್ಲ. ಇವತ್ತ ಮಾಡೂದಿಲ್ಲ ಅಂದೀನಿ.”

ಅವಳು ನಮಸ್ಕಾರವನ್ನೂ ಹೇಳದೆ ಎದ್ದು ಹೋದಳು. ಹೋಗಲಿ ಬಿಡು ಎಂದುಕೊಂಡರೂ ಅವರಿಗೆ ಅಂದು ಊಟ ಸೇರಲಿಲ್ಲ.

ಎರಡು ತಿಂಗಳಾದ ಮೇಲೆ ಸುಧಾರಾಣಿ ಬಂದಳು. ಎರಡೂ ಕಿವಿಯಲ್ಲಿ ಪುಟ್ಟ ಯಂತ್ರ, ಕೈಯಲ್ಲಿ ಅದಕ್ಕೆ ಹೊಂದುವ ಹೊಸ ಸ್ಟೆತಾಸ್ಕೋಪ್. ಚಂದ್ರಶೇಖರಪ್ಪನವರು ಅಂಗಿಯ ಗುಂಡಿ ಬಿಚ್ಚಿದರು.

ಅವಳು ಕಣ್ಣು ಮುಚ್ಚಿ ಆಲಿಸಿದಳು. ಮತ್ತೊಮ್ಮೆ ಆಲಿಸಿದಳು. ಮುಖ ಬಿಳುಚಿಕೊಂಡಿತು.

“ಸರ್, ಈ ಸಪ್ಪಳ ಅವತ್ತೂ ಇತ್ತೇನ್ರಿ?”

“ಹನ್ನೆರಡ ವರ್ಷದಿಂದ ಐತಿ.”

ಅವಳು ಸ್ಟೆತಾಸ್ಕೋಪ್ ಕೆಳಗಿಟ್ಟಳು. “ಹಂಗಾರ ಚಲೋ ಐತಿ ಅಂತ ನಾ ಮನಿಗೆ ಕಳಿಸಿದ ಮಂದಿ?”

ಅವರು ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದರು. ಅವಳು ಎದೆ ಪರೀಕ್ಷಿಸಿದ ನೂರಾ ನಲವತ್ತು ಜನರ ಹೆಸರು, ಊರು. ಸೂಡಿ, ಪುರ್ತಗೇರಿ, ಅಬ್ಬಿಗೇರಿ. ಎಲ್ಲ ಹೆಸರಿನ ಮುಂದೂ ಅವರದೇ ಸೊಟ್ಟ ಅಕ್ಷರ.

“ಎಲ್ಲಾರನ್ನೂ ನಾ ಮತ್ತ ನೋಡೀನಿ. ಇಬ್ಬರದು ಸರಿ ಇರಲಿಲ್ಲ. ಔಷಧಿ ತಗೊಳ್ಳಾಕತ್ತಾರ, ಆರಾಮ ಅದಾರ. ಅಳಬ್ಯಾಡ.”

ಅವಳು ಅತ್ತಳು. ಅವರ ಕಣ್ಣೂ ಒದ್ದೆಯಾಯಿತು. ಮೂಗು ಒರೆಸಿಕೊಂಡು, ಆ ಒಂದೇ ಸಾಲಿನ ಕೆಳಗೆ ಸಹಿ ಹಾಕಿ ಕಾಗದವನ್ನು ಅವಳತ್ತ ಸರಿಸಿದರು.

ಸುಧಾರಾಣಿ ಕಾಗದ ನೋಡಲಿಲ್ಲ. ಅವರ ಪಾದ ನೋಡುತ್ತಿದ್ದಳು. ಬಗ್ಗಿ ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಕುಳಿ ಬಿತ್ತು, ಮೇಲೇಳಲಿಲ್ಲ.

“ಕಾಲು ಎಂದಿನಿಂದ ಬಾತಾವ್ರಿ? ಈ ಎದಿ ಇಟ್ಕೊಂಡು ಊರೂರ ತಿರಗೀರಿ?”

“ಬಸ್ಸಿನಾಗ ಹೋಗಿದ್ದೆ. ಒದರಬ್ಯಾಡ.”

ಅವಳು ಅವರದೇ ಪೆನ್ನು ಎತ್ತಿಕೊಂಡು, ಅವರದೇ ಚೀಟಿಯ ಮೇಲೆ ಅವರ ಹೆಸರು ಬರೆದಳು. ಕೆಳಗೆ ಹುಬ್ಬಳ್ಳಿಯ ಹೃದಯ ತಜ್ಞರಿಗೆ ನಾಲ್ಕು ಸಾಲು.

“ಇವತ್ತಿನಿಂದ ನೀವು ರೋಗಿ ಮುಟ್ಟಬ್ಯಾಡ್ರಿ ಸರ್. ಅಲ್ಲಿ ತೋರಿಸ್ಕೊಂಡ ಬರೂತನಕ.”

ಈ ದವಾಖಾನೆಯಲ್ಲಿ ಅವರಿಗೆ ಹೀಗೆ ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಮುದುಕರು ಚೀಟಿಯನ್ನೂ ಅವಳ ಮುಖವನ್ನೂ ನೋಡಿದರು. ಅಂಗಿಯ ಗುಂಡಿ ಹಾಕಿಕೊಂಡರು.

“ಹೂಂ, ಹೋಗ್ತೀನ್ರಿ ಡಾಕ್ಟರ,” ಎಂದರು.