ತಂಬಾಕು ಬೆರೆಯದ ಪಿಂಚಣಿ

ಅಂಗೈಯಲ್ಲಿ ಫೋನು ನಡುಗಿತು, ಅದರ ಜೊತೆಗೆ ಶ್ರೀಪಾಲರ ಎದೆಯೂ ನಡುಗಿತು — ಆವತ್ತೂ ಹೀಗೆಯೇ ನಡುಗಿತ್ತು, ಬಸದಿಯ ಕಟ್ಟೆಯ ಮೇಲೆ ಕುಳಿತಿದ್ದರು, ಹಣೆಗೆ ಹಚ್ಚಿಕೊಂಡ ಗಂಧೋದಕ ಇನ್ನೂ ಆರಿರಲಿಲ್ಲ, ಕಾಕಾ ಲಗೂನ ಬರ್ರಿ, ನಿಖಿಲನ ಬೈಕ್ ಕಬ್ಬಿನ ಟ್ರೇಲರಿಗೆ ಬಡದೈತಿ, ಓಡಿ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು, ಒಬ್ಬನೇ ಮಗ — ಅಲ್ಲ, ಇದು ಆವತ್ತಲ್ಲ, ಇದು ಹೊಳೆಯಾಚೆಯ ಸಕ್ಕರೆ ಕಾರ್ಖಾನೆಯ ಆಫೀಸು, ಎದುರಿಗೆ ಗುಮಾಸ್ತ ಕಾಡಸಿದ್ದ, ಪಕ್ಕದಲ್ಲಿ ಸೊಸೆ ಕೋಮಲ, ಫೋನಿಗೆ ಬಂದದ್ದು ಒಂದು ಓಟಿಪಿ ಅಷ್ಟೇ. ಅವಳ ಆಧಾರಿಗೆ ಜೋಡಿಸಿದ ನಂಬರು ಮಾವನದು, ಮಾವ ಬಾಯಿ ಬಿಟ್ಟು ಅಂಕಿ ಓದಿದರೇ ಅವಳ ಪಿಂಚಣಿ ದುಡ್ಡು ಎಲ್ಲಿ ಬೆಳೆಯಬೇಕೆಂಬುದು ನಿಕ್ಕಿಯಾಗುವುದು. ಓದ್ರಿ ಕಾಕಾ, ಇಲ್ಲಂದ್ರ ಓಟಿಪಿನೂ ಸತ್ತ ಹೊಕ್ಕೈತಿ ಎಂದ ಕಾಡಸಿದ್ದ, ಎಂದು ನಾಲಿಗೆ ಕಚ್ಚಿಕೊಂಡ.

ಅವರು ಓದಲಿಲ್ಲ. ಫೋನನ್ನು ಎದೆಗೆ ಒತ್ತಿಕೊಂಡರು. ನಿಖಿಲನ ಜಾಗವನ್ನೇ ಕೋಮಲಳಿಗೆ ಕೊಟ್ಟಿದ್ದಾರೆ, ಕಬ್ಬಿನ ಹಾಲು ಪರೀಕ್ಷೆ ಮಾಡುವ ಲ್ಯಾಬು, ಗಂಡನ ಬಿಳಿ ಕೋಟಿನ ತೋಳು ಮಡಚಿ ಹಾಕಿಕೊಂಡೇ ಬರುತ್ತಾಳೆ, ಬೀಗರು ನೆಂಟರು ಏನೇನೋ ಆಡಿಕೊಂಡರು, ಆಡಿಕೊಳ್ಳಲಿ — ಎರಡನೇ ಪಾಳಿ ಇದ್ದಾಗಲೂ ಜೈನರ ನೇಮ ತಪ್ಪಿಸದೆ ಹೊತ್ತು ಮುಳುಗುವ ಮೊದಲೇ ಡಬ್ಬಿ ಬಿಚ್ಚಿ ಉಣ್ಣುತ್ತಾಳೆ, ಮೊದಮೊದಲು ನಕ್ಕವರೇ ಈಗ ಕರೆದು ಹೇಳುತ್ತಾರಂತೆ, ಅಕ್ಕಾರ, ಹೊತ್ತ ಮುಳಗಾಕತ್ತೈತಿ, ಮೊದ್ಲ ಉಣ್ರಿ, ಗಾಜಿನ ಬಾಟ್ಲಿ ನಾವ್ ನೋಡ್ಕೋತೀವಿ — ಅಂಥ ಸೊಸೆ. ಈಗ ತಿಂಗಳ ತಿಂಗಳ ಅವಳ ಪಗಾರದಲ್ಲಿ ಒಂದಿಷ್ಟು ಹಿಡಿಯುತ್ತಾರೆ, ಕಾರ್ಖಾನೆಯವರೂ ಅಷ್ಟೇ ಕೂಡಿಸುತ್ತಾರೆ, ಮುಪ್ಪಿಗೆ ಆಗುತ್ತದೆ, ಷೇರಿಗೆ ಹಾಕಬೇಕೋ ಸರ್ಕಾರದ ಬಾಂಡಿಗೆ ಹಾಕಬೇಕೋ ಎನ್ನುವುದು ಅವಳ ಇಷ್ಟ. ತಂಗೀ, ನಿಂದಿನ್ನೂ ಎಳೀ ವಯಸ್ಸು, ಷೇರಿಗೆ ಹಾಕವಾ, ಅರವತ್ತಕ್ಕ ದೊಡ್ಡ ಗಂಟ ಆಗತೈತಿ, ಬಾಂಡ್ ಅಂದ್ರ ಮುದುಕರ ಗಂಜಿ ಇದ್ದಂಗ ಎಂದು ಕಾಡಸಿದ್ದ ಒಂದೇ ಸಮ ಹೇಳಿದ, ಅವನದೂ ಅಂತಃಕರಣವೇ, ನಿಖಿಲನ ಗೆಳೆಯ. ಅವಳು ಕೇಳಿದ್ದು ಒಂದೇ. ಆ ಷೇರಿನಾಗ ತಂಬಾಕದ ಕಂಪನಿ ಇರ್ತಾವೇನ್ರಿ ಅಣ್ಣಾರ? ಇರ್ತಾವ, ಸಾರಾಯಿದೂ ಇರ್ತಾವ, ಎಲ್ಲಾ ಕೂಡಿಸೇ ಇರ್ತೈತಿ, ಆರಿಸಿ ಒಗ್ಯಾಕ ಅದೇನ ಅಕ್ಕ್ಯಾಗಿನ ಹಳ್ಳೇನವಾ? ಹಂಗಾರ ಅಷ್ಟೂ ಸರ್ಕಾರಿ ಬಾಂಡಿಗೆ ಹಾಕ್ರಿ ಅಂದಳು, ದನಿ ಏರಿಸದೆ, ಉಪ್ಪು ಸಾಕು ಅಂದಂತೆ, ಕಾಡಸಿದ್ದ ಹಾಗೆಯೇ ತುಂಬಿ ಒತ್ತಿದ್ದಕ್ಕೇ ಈ ಓಟಿಪಿ.

ತಂಬಾಕು — ಎಷ್ಟೋ ವರ್ಷದ ಹಿಂದೆ ಅಂಕಲಿಯ ತಮ್ಮದೇ ಹೊಲದಲ್ಲಿ ಸೊಂಟದ ಮಟ ನಿಂತಿತ್ತು, ಎಲೆ ಮುಟ್ಟಿದರೆ ಅಂಗೈಗೆ ಅಂಟು, ಆ ಘಾಟು, ನಿಪ್ಪಾಣಿಯ ದಲಾಲ ಬಂದು ನೋಡಿ ತಲೆದೂಗಿ ಹೋಗಿದ್ದ, ಆ ವರ್ಷವೇ ಚಾತುರ್ಮಾಸಕ್ಕೆ ಬಂದ ಮುನಿಗಳ ಮುಂದೆ ಶ್ರೀಪಾಲರು ನಿಯಮ ತೊಟ್ಟರು, ಇನ್ನೊಬ್ಬರ ಉಸಿರು ಸುಡುವ ಬೆಳೆಯಿಂದ ನನಗೆ ಅನ್ನ ಬೇಡ, ಮನೆಗೆ ಬಂದವರೇ ಧೋತರ ಎತ್ತಿ ಕಟ್ಟಿ ನಿಂತ ಬೆಳೆ ಕಿತ್ತರು, ಹೆಂಡತಿ ಸೋನಾಬಾಯಿ ಸೆರಗು ಸಿಕ್ಕಿಸಿ ಪಕ್ಕದ ಸಾಲು ಹಿಡಿದಳು, ಪುಣ್ಯವಂತೆ, ಮಗನಿಗಿಂತ ಮೊದಲೇ ಹೋದಳು. ಬದುವಿನ ಮೇಲೆ ನಿಂತು ಭಾವ ನಕ್ಕಿದ್ದ, ನೀ ಸ್ವರ್ಗಕ್ಕ ಹೋಗೂಮಟಾ ಹೆಂಡ್ರು ಮಕ್ಳು ಏನ್ ತಿನ್ಬೇಕೋ ಶ್ರೀಪಾಲಾ? ನಿಖಿಲನೂ ಕಾಲೇಜಿಗೆ ಹೋಗುವಾಗ ಚಾಷ್ಟಿ ಮಾಡುತ್ತಿದ್ದ, ಅಪ್ಪಾ, ಆ ತಂಬಾಕ ಕೀಳದ ಬಿಟ್ಟಿದ್ರ ನನಗ ಹೊಸಾ ಬೈಕ್ ಬರ್ತಿತ್ತ ನೋಡ. ನಗುತ್ತಲೇ ಅಂದದ್ದು, ಆದರೂ ಅದು ಒಳಗೆ ಎಲ್ಲೋ ಮುರಿದ ಮುಳ್ಳಿನ ಹಾಗೆ ಉಳಿದಿತ್ತು, ಮಗ ಮನಸ್ಸಿನಲ್ಲಿ ತನ್ನನ್ನು ಬೈದುಕೊಂಡನೇನೋ, ಇನ್ನು ಕೇಳುವುದು ಯಾರನ್ನು. ಈಗ ಸೊಸೆಯೂ ಅದೇ ನಿಯಮಕ್ಕೆ ತನ್ನ ಮುಪ್ಪನ್ನು ಕೊಡುತ್ತಾಳೆಯೇ? ಬೇಡ. ಕೋಮಲಾ, ನಿಯಮ ತೊಟ್ಟಾಂವ ನಾನವಾ, ನೀ ಅಲ್ಲ. ನಾ ಇವತ್ತೋ ನಾಳೆಯೋ ಹೋಗಾಂವ. ನಾಳೆ ಮುಪ್ಪಿನಾಗ ನೀ ಮಗಳು ಕಾಜಲಳ ಮುಂದ ಕೈ ಒಡ್ಡಬಾರ್ದು. ಷೇರಿಗೆ ಹಾಕ, ಪಾಪ ಇದ್ರ ನನ್ನ ಮ್ಯಾಲ ಬರಲಿ.

ಅಷ್ಟರಲ್ಲಿ ಓಟಿಪಿಯ ವೇಳೆ ಮೀರಿತು. ಕಾಡಸಿದ್ದ ನಿಟ್ಟುಸಿರು ಬಿಟ್ಟು ಇನ್ನೊಂದು ಕಳಿಸಲು ಕೀ ಒತ್ತಿದ. ಕೋಮಲ ಮಾವನ ಕಡೆ ತಿರುಗಿದಳು. ಮಾವಾರ, ನನ್ನ ನೋಡಾಕ ಬಂದಾಗ ಅವರು ನನ್ನ ಕೂಡ ಆಡಿದ್ದು ಒಂದ ಮಾತರಿ. ನಮ್ಮಪ್ಪ ನಿಂತ ತಂಬಾಕ ಕಿತ್ತ ಒಗದಾಂವ, ರೊಕ್ಕ ಕಡಿಮಿ ಐತಿ, ಅಂಥಾ ಮನಿಗೆ ಬರ್ತೀಯೇನು ಅಂತ ಕೇಳಿದ್ರು. ನಾ ಹೂಂ ಅಂದೀನ್ರಿ. ಈಗ ಉಲ್ಟಾ ಹೊಡಿಲೇನು? ಕಡಿಮಿ ಬಂದ್ರ ಕಡಿಮಿ ಉಣ್ತೀನಿ, ಇದ್ಯಾವ ದೊಡ್ಡ ಮಾತು.

ಫೋನು ಮತ್ತೆ ನಡುಗಿತು. ಈ ಸಲ ಎದೆ ನಡುಗಲಿಲ್ಲ. ಶ್ರೀಪಾಲರು ಕನ್ನಡಕ ಮೇಲೆ ಸರಿಸಿ, ಬಸದಿಯಲ್ಲಿ ಪಾಠ ಒಪ್ಪಿಸುವ ಹಾಗೆ, ಗಟ್ಟಿಯಾಗಿ, ಆಚೆ ಮೇಜಿನವರಿಗೂ ಕೇಳಲಿ ಎಂಬಂತೆ ಒಂದೊಂದೇ ಅಂಕಿ ಓದಿದರು, ಓದುತ್ತಿದ್ದಾರೆ, ಅಂಕಿ ಮಸುಕಾಗುತ್ತಿವೆ, ನನ್ನ ಸೊಸೆ, ನನ್ನ ಮಗ, ನಮ್ಮಪ್ಪ ಅಂದನಂತೆ, ಯಾರೂ ಕೇಳದೆ ಹೇಳಿದನಂತೆ — ಬೀಗರ ಪಡಸಾಲೆ, ಇಸ್ತ್ರಿ ಅಂಗಿಯ ನಿಖಿಲ, ಮುಂದೆ ತಲೆ ತಗ್ಗಿಸಿ ಕುಳಿತ ಹುಡುಗಿ, ಅವನ ಬಾಯಲ್ಲಿ ನಮ್ಮಪ್ಪ ಎಂಬ ಮಾತು — ನಮ್ಮಪ್ಪ ಎನ್ನುತ್ತಿದ್ದಾನೆ, ಇನ್ನೂ ಎನ್ನುತ್ತಿದ್ದಾನೆ — ಜಿನೇಶ್ವರಾ, ಆ ಜೀವಕ್ಕೆ ಸದ್ಗತಿಯಾಗಲಿ, ನನ್ನ ನಿಖಿಲನ ಆತ್ಮಕ್ಕೆ ಶಾಂತಿಯಾಗಲಿ.