ಪಕ್ಕದ ಪರದೆಯ ದನಿ

ಓಬಮ್ಮ ಅತ್ತಿಗೆ ದುರುಗಮ್ಮನ ಹೆಗಲು ಒತ್ತಿ ಅಣ್ಣನ ಹೆಣದ ತಲೆಯ ಬಳಿ ಮತ್ತೆ ಕೂರಿಸಿದಳು. "ಇನ್ನಾರ ಬಾಯಿ ತಗಿ ಅತ್ತಿಗಿ. ಹೊತ್ತು ಇಳದೈತಿ."

ದುರುಗಮ್ಮ ಕೂತಳು, ಎದ್ದಳು. ಎಮ್ಮೆಗೆ ನೀರಿಲ್ಲವೆಂದು ಕೊಡ ಎತ್ತಿದಳು, ತುಂಬದೆಯೇ ಇಳಿಸಿದಳು. ಕೋಳಿ ಓಡಿಸಿದಳು, ಗುಡಿಸಿದ ಅಂಗಳವನ್ನೇ ಗುಡಿಸತೊಡಗಿದಳು.

ತೆಲಿಗಿಯ ಆ ಓಣಿಯಲ್ಲಿ ಗಂಡ ಸತ್ತರೆ ಮೊದಲು ಹೆಂಡತಿ ಹಾಡಿಕೊಂಡು ಅಳಬೇಕು. ಆಮೇಲೆಯೇ ಉಳಿದ ಹೆಂಗಸರು ದನಿಗೂಡಿಸುವುದು, ಗಂಡಸರು ಹೆಣ ಎತ್ತುವುದು. ಕುಣಿ ತೋಡಿ ಬಂದವರು ಬೇವಿನ ನೆರಳಲ್ಲಿ ಬೀಡಿ ಸೇದುತ್ತ ಕಾಯುತ್ತಿದ್ದರು.

"ಊರೂರಿಗೆ ಅಳೂದು ಕಲಿಸಿದಾತ ಗಾಳೆಪ್ಪಣ್ಣ," ನೆರೆಮನೆಯ ಸುಂಕಮ್ಮ ಪಕ್ಕದವಳ ಕಿವಿಯಲ್ಲಿ ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಆತಗಾ ಅಳೋರಿಲ್ಲ ನೋಡು."

"ನಿನಗ ಅವಸರ ಇದ್ರ ನೀನಾ ಅಳವಾ," ಎಂದು ಓಬಮ್ಮ ಸಿಡುಕಿದಳು.

ಸುಂಕಮ್ಮನ ಮಾತು ಸುಳ್ಳಲ್ಲ. ಗಾಳೆಪ್ಪ ನಾಟಕ ಕಂಪನಿಯಲ್ಲಿ ಹೆಣ್ಣುವೇಷ ಹಾಕುತ್ತಿದ್ದವನು. ನಟಿಯರು ಬಂದ ಮೇಲೆ ಸೀರೆ ಹೋಯಿತು, ದನಿ ಉಳಿಯಿತು. ಮಗನನ್ನು ಕಳೆದುಕೊಂಡ ರಾಣಿ ರಂಗದ ಮೇಲೆ ಬರಿದೇ ಬಾಯಿ ಆಡಿಸುವಳು. ಪಕ್ಕದ ಪರದೆಯ ಹಿಂದೆ ನಿಂತು ಅವಳ ದುಃಖ ಹಾಡುತ್ತಿದ್ದವನು ಅವನು. ಕೊಟ್ಟೂರಿನಿಂದ ಹಡಗಲಿಯವರೆಗೆ ಹೆಂಗಸರು ಆ ಧಾಟಿಯನ್ನು ಮನೆಗೆ ಒಯ್ದು ತಮ್ಮ ಸತ್ತವರಿಗೆ ಅತ್ತರು.

ದುರುಗಮ್ಮ ಮಾತ್ರ ಅದನ್ನು ಬಾಯಿಗೆ ತಂದವಳಲ್ಲ.

*

ಎಪ್ಪತ್ನಾಲ್ಕರ ಚಳಿಗಾಲ. ಮಗಳು ಕೊಟ್ರಿ ಜ್ವರದಲ್ಲಿ ತೀರಿಕೊಂಡಾಗ ಕಂಪನಿ ಹಡಗಲಿಯಲ್ಲಿತ್ತು. ಸುದ್ದಿ ಒಯ್ದಿದ್ದ ಓಣಿಯ ಹುಲುಗಣ್ಣ ಮರುದಿನ ಗಾಳೆಪ್ಪನ ಜೊತೆಗೇ ಮರಳಿದ.

"ಹೊತ್ತು ಮುಳುಗೂದ್ರಾಗ ಹೇಳೀನವ್ವ. ಬಸ್ ಇರ್ಲಿಲ್ಲ. ಆಟಕ್ಕ ಹೋಗಿಬಿಟ್ಟ."

ಅಷ್ಟರಲ್ಲಿ ಮಗುವಿನ ಮಣ್ಣು ಮುಗಿದಿತ್ತು. ಗಾಳೆಪ್ಪ ಬಾಗಿಲಲ್ಲಿ ನಿಂತ. ತುಟಿ ಅಲುಗಿದವು, ದನಿ ಬರಲಿಲ್ಲ.

"ಊರ ಮಕ್ಕಳಿಗೆ ಅಳ್ತಿ, ನಿನ್ನ ಕೂಸಿಗೆ ದನಿ ಇಲ್ಲೇನು? ಇಲ್ಲೂ ಬರೇ ಬಾಯಿ ಆಡಸ್ತಿಯೇನು?"

ಗಂಡನನ್ನು ದುರುಗಮ್ಮ ಏಕವಚನದಲ್ಲಿ ಅಂದದ್ದು ಅದೇ ಮೊದಲು. ಅವನು ಹಲವು ದಿನ ಮಾತೇ ಆಡಲಿಲ್ಲ. ಮುನಿಸು ಎಂದುಕೊಂಡಳು. ಆಮೇಲೆ ಮಾತು ಬಂದವು, ಉಪ್ಪಿನವು, ಎಮ್ಮೆಯವು. ಹಡಗಲಿಯ ಆ ಆಟದ ರಾತ್ರಿಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

*

ಹರಪನಹಳ್ಳಿ ಬಸ್ಸಿಗೆ ಬಂದ ಪಂಚಾಕ್ಷರಪ್ಪ, ಕಂಪನಿಯ ಮುದಿ ಹಾರ್ಮೋನಿಯಂ ಪೇಟಿ ಮಾಸ್ತರರು, ಹೆಣಕ್ಕೆ ಹಾರ ಹಾಕಿ ಕಟ್ಟೆಯ ಮೇಲೆ ಕೂತರು. ಸುಮ್ಮನಿರುವುದು ಅವರಿಂದ ಆಗಲಿಲ್ಲ.

"ಹಡಗಲ್ಯಾಗ ಒಂದಿನ ಏನ್ ಅತ್ನಪಾ! ಜನ ಎದ್ದು ನಿಂತು ಒನ್ಸ್ ಮೋರ್ ಅಂದ್ರು. ಮತ್ತ ಅತ್ತ. ಮತ್ತೂ ಒನ್ಸ್ ಮೋರ್! ನನ್ನ ಪೇಟಿ ಸೋತಿತು, ಆತ ಸೋಲ್ಲಿಲ್ಲ. ನಾ ಮುಂದ, ಆತ ಪರದಿ ಹಿಂದ, ಮುಖ ಕಾಣ್ಲಿಲ್ಲ. ಮುಂಜಾನಿ ನೋಡಿದ್ರ ಗಂಟಲಾ ಹೋಗಿಬಿಟ್ಟೈತಿ, ಪಿಟ್ಟನ್ನಾಕಾಗವಲ್ದು. ಹಂಗಾ ಮೊದಲ್ನೇ ಬಸ್ಸಿಗೆ ಊರಿಗೆ ಹೋದ."

ದುರುಗಮ್ಮನ ಕೈಯ ಕಸಬರಿಗೆ ನಿಂತಿತು. "ಯಾವಾಗ್ರಿ ಮಾಸ್ತರ್ರ?"

"ಅದಾ ತಂಗಿ, ನಿಮ್ಮ ಕೂಸಿಗೆ ಹಂಗಾತಲ್ಲ, ಆವತ್ತಿನ ರಾತ್ರಿ. ಪಾಪ, ಊರಿಗೆ ಬಂದ ಮ್ಯಾಲ ಗೊತ್ತಾಗಿರಬೇಕು ಆತಗ."

"ಇಲ್ರಿ. ಆಟಕ್ಕ ಮೊದಲಾ ಸುದ್ದಿ ಮುಟ್ಟಿತ್ತು."

ಮಾಸ್ತರರು ಕಟ್ಟೆಯಿಂದ ಎದ್ದು ನಿಂತರು.

ದುರುಗಮ್ಮ ಯಾರೂ ಕರೆಯದೆ ಬಂದು ಗಂಡನ ತಲೆಯ ಬಳಿ ಕೂತಳು. ಅವನ ಗಂಟಲ ಮೇಲೆ ಬೆರಳಾಡಿಸಿದಳು. ಅತ್ತಳು, ಅವನದೇ ಧಾಟಿಯಲ್ಲಿ. ಅದರೊಳಗೆ ಕೊಟ್ರಿಯ ಹೆಸರೂ ಬಂತು. ದನಿ ಒಡೆಯಿತು, ಒಡೆದ ದನಿಯಲ್ಲೇ ಮುಗಿಸಿದಳು.

ಓಬಮ್ಮ ಕಣ್ಣೊರೆಸಿಕೊಂಡಳು. "ಇನ್ನೊಂದ್ಸಲ ಅನ್ನು ಅತ್ತಿಗಿ. ನಾವೂ ಕೂಡ್ತೀವಿ."

ದುರುಗಮ್ಮ ಅಂಗೈಯಿಂದ ನಾದಿನಿಯ ಬಾಯಿ ಮುಚ್ಚಿದಳು.

"ಬ್ಯಾಡ. ಸಾಕು ಆತಗ."

ಗಂಡಸರು ಬೀಡಿ ಎಸೆದು ಹೆಗಲು ಕೊಟ್ಟರು. ಅಳು ಕೇಳಲೆಂದು ಓಣಿಯ ಹೆಂಗಸರು ಬಾಗಿಲು ಬಾಗಿಲಿಗೆ ಬಂದು, ಸೆರಗು ಬಾಯಿಗಿಟ್ಟು ನಿಂತಿದ್ದರು. ಅವರ ಮುಂದೆ ಬರಿಯ ಹೆಜ್ಜೆ ಸಪ್ಪಳ ಹಾದುಹೋಯಿತು.