ಪಕ್ಕದ ಎಲೆಯವರಿಗೆ ಒಂದು ಮಾತು

ಯಾರ ಮನೆಗೆ ಊಟಕ್ಕೆ ಕರೆ ಬಂದರೂ ಮುಕುಂದಯ್ಯನವರು ಹೊರಡುವ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅವ್ರ ಮನೇಲಿ ಹೆಂಗೆ?" ಚಪ್ಪಲಿ ಎಲ್ಲಿ ಬಿಡುತ್ತಾರೆ, ಹಿರಿಯರಿಗಿಂತ ಮೊದಲು ಎಲೆ ಬಿಟ್ಟು ಏಳಬಹುದೋ, ಮನೆಯ ಮಗುವನ್ನು ಏನೆಂದು ಕರೆಯುತ್ತಾರೆ, ಇಷ್ಟನ್ನೂ ವಿಚಾರಿಸಿಕೊಂಡೇ ಹೊಸ್ತಿಲು ದಾಟುವ ಮನುಷ್ಯ. ಹೊಸನಗರದ ಒಂದು ಮನೆಯಲ್ಲಿ ಉಣ್ಣುವಾಗ ಮಾತಾಡುವ ರೂಢಿಯಿಲ್ಲವೆಂದು ತಿಳಿದು, ತಮ್ಮ ಎಲೆಗೆ ಉಪ್ಪು ಬೀಳದಿದ್ದರೂ ತುಟಿ ಬಿಚ್ಚದೆ, ಪಾಯಸದ ತನಕ ಸಪ್ಪೆಯನ್ನೇ ಉಂಡು ಎದ್ದು ಬಂದಿದ್ದರು. ಹೆಂಡತಿ ವರದಮ್ಮನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಸಾಗರದ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಅಧ್ಯಾಪಕರು. ಪೇಟೆಯ ಅಗಲವಾದ ರಸ್ತೆಯಲ್ಲಿಯೂ ಗದ್ದೆಯಂಚಿನ ಮೇಲೆ ನಡೆಯುವವರ ಹಾಗೆ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ನೇರವಾಗಿ ಇಟ್ಟು ಸಾಗುವ ನಡಿಗೆ; ಬೇಸಿಗೆಯಲ್ಲೂ ಮೈಬಿಡದ ಕಪ್ಪು ಕೋಟು; ಅದರ ಜೇಬುಗಳ ತುಂಬ ಕಾಗದದಲ್ಲಿ ಸುತ್ತಿದ ಪಾಚಿ. ಶರಾವತಿ ದಂಡೆಯ ಬಂಡೆಗಳ ಪಾಚಿಯೇ ಅವರ ಸಂಶೋಧನೆಯ ವಿಷಯ. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಯ ನೀರು ನಿಲ್ಲುವ ಮೊದಲು ಹೊನ್ನೆಮರಡಿನ ಆಚೀಚೆ ವರ್ಷಗಟ್ಟಲೆ ಮಂಡಿಯೂರಿ ಕೂತು, ಮಗುವಿನ ಕೆನ್ನೆ ಮುಟ್ಟುವಷ್ಟು ಮೆತ್ತಗೆ ಕೆರೆದು ತಂದದ್ದು. ಈಗ ಆ ಬಂಡೆಗಳೆಲ್ಲ ನೀರಿನಡಿ ಸೇರಿ, ಉಳಿದದ್ದು ಆ ಪ್ರಬಂಧ ಮಾತ್ರ. ಅದಕ್ಕೆ ಡಾಕ್ಟರೇಟ್ ಬಂದರೆ ತಾತ್ಕಾಲಿಕ ನೌಕರಿ ಕಾಯಂ ಆಗುತ್ತಿತ್ತು. ಜೂನ್ ಒಳಗೆ ಬಾರದಿದ್ದರೆ ಕೋಣಂದೂರಿಗೆ ಹೋಗಿ ಅಣ್ಣ ದುಗ್ಗಪ್ಪನ ಜವಳಿ ಅಂಗಡಿಯಲ್ಲಿ ಕೂರುವುದೇ ಗತಿ. ಸೀರೆ ಬಿಚ್ಚುವ ಮೊದಲು ಗಿರಾಕಿಯನ್ನು "ನಿಮ್ಮ ಮನೇಲಿ ಹೆಂಗೆ?" ಎಂದು ಕೇಳುತ್ತ ನಿಲ್ಲುವ ಗಂಡನನ್ನು ನೆನೆದು ವರದಮ್ಮ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದರು.

ಸಾವಿರದ ಒಂಬೈನೂರ ಅರವತ್ತೈದರ ಬೇಸಿಗೆಯ ಆರಂಭದಲ್ಲಿ ಆ ಪ್ರಬಂಧ ಹಿಂದಕ್ಕೆ ಬಂತು. ಪಾಚಿಯ ಬಗ್ಗೆ ವಿಶ್ವವಿದ್ಯಾಲಯದ ಮಾರ್ಗದರ್ಶಕರಿಗೆ ಒಂದಿಷ್ಟೂ ತಕರಾರಿರಲಿಲ್ಲ. ಅವರ ಕೆಂಪು ಪೆನ್ಸಿಲ್ ಕೆರಳಿದ್ದು ಕೊನೆಯ ಗ್ರಂಥಸೂಚಿಯಲ್ಲಿ. ಇಂಗ್ಲಿಷಿನವರು ಪುಸ್ತಕದ ಹೆಸರಿನಲ್ಲಿ ಮುಖ್ಯ ಪದಗಳಿಗೆಲ್ಲ ಕ್ಯಾಪಿಟಲ್ ಎಂಬ ದೊಡ್ಡಕ್ಷರದ ಪೇಟ ತೊಡಿಸುತ್ತಾರೆ. ಜರ್ಮನರು ನಾಮಪದಗಳಿಗೆ ಮಾತ್ರ ತೊಡಿಸುತ್ತಾರೆ. ಫ್ರೆಂಚರು ಬಹುಮಟ್ಟಿಗೆ ಮೊದಲ ಪದಕ್ಕೊಂದು ತೊಡಿಸಿ ಕೈಬಿಡುತ್ತಾರೆ. ಮುಕುಂದಯ್ಯನವರು ಮೂವರನ್ನೂ ಅವರವರ ಕ್ರಮದಲ್ಲೇ ಬರೆದಿದ್ದರು. ಕಂಡವರಿಗೆ ಅದು ಶುದ್ಧ ಅಜಾಗರೂಕತೆ. ಎಲ್ಲವನ್ನೂ ಇಂಗ್ಲಿಷಿನಂತೆ ಸಮ ಮಾಡಿ, ಇಲ್ಲವಾದರೆ ಪ್ರಬಂಧ ಮುಂದೆ ಹೋಗದು ಎಂದು ಅಪ್ಪಣೆಯಾಗಿತ್ತು.

"ಮಾಡಿಬಿಡಿ, ಎಂತ ಗಂಟು ಹೋಗ್ತದೆ?" ಎಂದರು ವರದಮ್ಮ.

"ಬೇರೆಯವ್ರ ಕೈಯಡುಗೆ ಉಣ್ಣದ ಐಗಳು ನಮ್ಮನೆಗೆ ಬಂದ್ರೆ ಅವ್ವ ಅಂಗಳದಲ್ಲಿ ಬೇರೆ ಒಲೆ ಹೂಡಿ, ಅಕ್ಕಿ ಬೇಳೆ ಇಟ್ಟು, ಅಡುಗೆ ಮಾಡ್ಕೊಳ್ಳಿ ಅಂತಿದ್ಲು. ನಮ್ಮನೆ ಸಾರೇ ಉಣ್ಣಿ ಅಂದಿದ್ಲಾ? ಈ ಜರ್ಮನಿಯೋರು, ಫ್ರೆಂಚರೂ ನಮ್ಮನೆಗೆ ಬಂದೋರೇ."

ಅಲ್ಲಿಗೆ ಮಾತು ಮುಗಿಯಿತು. ಕಪ್ಪು ಕೋಟು ಗೂಟಕ್ಕೇರಿತು, ಪ್ರಬಂಧ ಅಟ್ಟಕ್ಕೇರಿತು. ವಾರ ಕಳೆದರೂ ಅವರು ಅದನ್ನು ಮುಟ್ಟಲಿಲ್ಲ. ವರದಮ್ಮ ಸಿಟ್ಟಿನಿಂದ ಪಾತ್ರೆಗಳನ್ನು ಕುಕ್ಕಿದರು, ಯಾರೂ ಕಾಣದಾಗ ಅತ್ತರು. ಗಂಡನ ಮಾತು ಸರಿಯೆಂದು ಅವರಿಗೂ ಅನ್ನಿಸಿತ್ತು, ಸಂಕಟ ಅದೇ.

ಒಂದು ಮಧ್ಯಾಹ್ನ ಗಂಡನ ಎಲೆಗೆ ಬಡಿಸುತ್ತಿದ್ದಾಗ ಅವರಿಗೆ ಥಟ್ಟನೆ ತಮ್ಮ ಮದುವೆಯ ಪಂಕ್ತಿ ನೆನಪಾಯಿತು.

"ನಮ್ಮ ಮದುವೇಲಿ ನಿಮ್ಮ ಸೋದರಮಾವನ ಎಲೆಗೆ ಹೋಳಿಗೆ ಹಾಕ್ಲಿಲ್ಲ ಅಂತ ಗಲಾಟೆ ಆಯ್ತಲ್ಲ, ನೆನಪಿದ್ಯಾ?"

"ಅವ್ರಿಗೆ ಪಥ್ಯ ಇತ್ತಲ್ಲೇ. ಹಾಕ್ಬೇಡಿ ಅಂತ ನಾನೇ ಬಡಿಸೋರಿಗೆ ಹೇಳಿದ್ದೆ."

"ಹೇಳಿ, ಸುಮ್ಮನೆ ಕೂತಿದ್ರಿ! ಪಕ್ಕದ ಎಲೆಯೋರು ಪಂಕ್ತಿಭೇದ ಅಂತ ಎದ್ದೇಬಿಟ್ರು. ಕೊನೆಗೆ ನಮ್ಮಪ್ಪಯ್ಯ 'ಪಥ್ಯ ಕಣ್ರೋ' ಅಂದ್ರು, ಎಲ್ಲ ಕೂತ್ರು. ಈಗ ಆ ಯೂನಿವರ್ಸಿಟಿ ದೊಡ್ಡೋರಿಗೆ ನಿಮ್ಮ ಜರ್ಮನಿಯೋನ ಪಥ್ಯ ಗೊತ್ತುಂಟಾ? ಒಂದು ಮಾತು ಹೇಳಿದ್ರಾ?"

ಮುಕುಂದಯ್ಯನವರು ಎಲೆಯ ಅನ್ನವನ್ನು ಅಂಚಿಗೆ ಸರಿಸಿದರು. "ಉಪಚಾರ ಮಾಡಿ ಹೇಳ್ಕೊಂಡ ಹಂಗಾಗ್ತದಲ್ಲೇ..."

"ಉಂಡೋರಿಗೆ ಹೇಳ್ಬೇಡಿ. ಪಕ್ಕದ ಎಲೆಯೋರಿಗೆ ಹೇಳಿ."

ಕೈ ತೊಳೆದವರೇ ಅಟ್ಟ ಹತ್ತಿದರು. ಗ್ರಂಥಸೂಚಿಯ ನೆತ್ತಿಯ ಮೇಲೆ, ಪ್ರತಿಯೊಂದು ಹೆಸರನ್ನೂ ಆಯಾ ಭಾಷೆಯವರ ರೂಢಿಯಂತೆಯೇ ಕೊಡಲಾಗಿದೆ ಎಂದು ಒಂದೇ ಒಂದು ವಾಕ್ಯ ಬರೆದರು. ಒಂದಕ್ಷರವನ್ನೂ ತಿದ್ದಲಿಲ್ಲ. ಮರುದಿನ ಬೆಳಿಗ್ಗೆ ಕೋಟು ಗೂಟದಿಂದ ಇಳಿಯಿತು. ಪ್ರಬಂಧವನ್ನು ಎದೆಗವಚಿಕೊಂಡು ಅವರು ತಾವೇ ಬಸ್ಸು ಹತ್ತಿದರು.

ಅವರು ಹಿಂದಿರುಗುವ ತನಕ ವರದಮ್ಮ ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನೋಡಿದರು. ಮೂರನೆಯ ದಿನ ಸಂಜೆಯ ಬಸ್ಸಿನಿಂದ ಇಳಿದವರು ಅದೇ ಬದುವಿನ ನಡಿಗೆಯಲ್ಲಿ ಬಂದು, ಜಗಲಿಯಲ್ಲಿ ಕೂತು, ನೀರು ಕುಡಿದರು. ವರದಮ್ಮ ಬಾಗಿಲ ದಾರಂದ ಹಿಡಿದು ನಿಂತೇ ಇದ್ದರು.

"ಓದಿದ್ರು. 'ಇದನ್ನ ಮೊದಲೇ ಹೇಳ್ಬಾರ್ದಿತ್ತೇನ್ರಿ?' ಅಂತ ಬೈದ್ರು. ಸಹಿ ಹಾಕಿ ಮುಂದೆ ಕಳಿಸಿದ್ರು."

ವರದಮ್ಮ ಬಂದು ಅವರ ಪಕ್ಕದಲ್ಲೇ ಜಗಲಿಯ ಮೇಲೆ ಕೂತರು. ಎದೆಯ ಮೇಲಿನ ಕಲ್ಲು ಇಳಿದ ಹಗುರಕ್ಕೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಆಗ ಮುಕುಂದಯ್ಯನವರು ಕೋಟಿನ ಗುಂಡಿಯನ್ನೇ ನೋಡುತ್ತ, ಮದುವೆಯಾದ ಲಾಗಾಯ್ತು ಒಮ್ಮೆಯೂ ಆಡದಿದ್ದ ಮಾತನ್ನು ಆಡಿದರು: "ನೀ ಹೇಳ್ದೆ ಇದ್ದಿದ್ರೆ ನಾ ಕೋಣಂದೂರಲ್ಲಿ ಸೀರೆ ಮಡಚ್ತಿದ್ದೆ ಮಾರಾಯ್ತಿ." ಜೂನ್‌ಗೆ ಮೊದಲೇ ಡಾಕ್ಟರೇಟೂ ಬಂತು; ಆದರೆ ವರದಮ್ಮನ ಮಟ್ಟಿಗೆ ಬರಬೇಕಾದದ್ದು ಆ ಸಂಜೆಯೇ ಬಂದಾಗಿತ್ತು.

ಲೋಕದಲ್ಲಿ ಇಂಥ ಒಂದು ಜಾತಿಯ ಸಜ್ಜನರಿದ್ದಾರೆ. ಎಲ್ಲರ ಮರ್ಯಾದೆಯನ್ನೂ ಕಾಯುತ್ತಾರೆ, ಕಾಯುತ್ತಿದ್ದೇನೆ ಎಂದು ಹೇಳುವುದು ಮಾತ್ರ ಅವರಿಗೆ ಅಮರ್ಯಾದೆಯಾಗಿ ಕಾಣುತ್ತದೆ. ಆದ್ದರಿಂದಲೇ ಮೊಂಡರೆಂದೂ ಮರೆಗುಳಿಗಳೆಂದೂ ಹೆಸರು ಹೊತ್ತುಕೊಂಡು ತಿರುಗುತ್ತಾರೆ. ಅವರನ್ನು ತಿದ್ದಲು ಹೋಗಬಾರದು. ಪಂಕ್ತಿಯಲ್ಲಿ ಅವರ ಪಕ್ಕ ಅವರನ್ನು ಬಲ್ಲವರೊಬ್ಬರು ಕೂತು, ಇಲ್ಲೊಂದು ಎಲೆಗೆ ಉಪ್ಪು ಬಿದ್ದಿಲ್ಲ ಎಂದು ಬಡಿಸುವವರನ್ನು ಕೂಗಿದರೆ ಸಾಕು.